ಅಮ್ಮನ ಮೂಗು

ಕಾಲಿನ ಹೆಬ್ಬೆರಳಿಗೆ ಹಿಮ್ಮಡಿ ತಾಗಿಸಿ ಇನ್ನೊಂದು ಹೆಜ್ಜೆ, ನೆಲಕ್ಕೆ ಅಂಟಿಸಿದ ಹಳದಿ ಪಟ್ಟಿ ನೇರವಾಗಿಯೇ ಇದೆ, ವಾಲುತ್ತಿರುವುದು ನಾನಾ, ಇಲ್ಲ, ಬರಿಗಾಲಿಗೆ ನೆಲ ತಣ್ಣಗಿದೆ ಅಷ್ಟೆ, ನಿಧಾನ ಮೇಡಂ, ಅವಸರ ಏನಿಲ್ಲ ಎನ್ನುತ್ತಾರೆ ಡಾಕ್ಟರು, ಈ ನರರೋಗಕ್ಕೂ ಯಾವತ್ತೂ ಅವಸರವಿರಲಿಲ್ಲ, ಅಜ್ಜಿಯಿಂದ ಅಮ್ಮನಿಗೆ ಇಳಿದು ಅಮ್ಮನ ಕೈಕಾಲನ್ನು ಹನ್ನೊಂದು ವರ್ಷ ತನ್ನಿಷ್ಟಕ್ಕೆ ಕುಣಿಸಿ ಅವಳನ್ನು ಮಣ್ಣಿನಲ್ಲಿ ಮಲಗಿಸಿತು — ಗೋಡೆ ಬದಿಯ ಕುರ್ಚಿಯಲ್ಲಿ ತಂಗಿ, ಮಡಿಲಲ್ಲಿ ಕೈ, ಹತ್ತೂ ಬೆರಳು ಕಲ್ಲಿನ ಹಾಗೆ ಸುಮ್ಮನೆ, ಮೊದಲೆಲ್ಲ ಆ ಬೆರಳು ಕಂಡರೆ ಕರುಳು ಚುರ್ ಎನ್ನುತ್ತಿತ್ತು, ಈಗ ಹೊಟ್ಟೆ ಉರಿಯುತ್ತದೆ, ಹೋದ ತಿಂಗಳು ಇದೇ ಕ್ಲಿನಿಕ್‌ನಲ್ಲಿ ಅವಳ ರಕ್ತದ ವರದಿ ಬಿಚ್ಚಿ, ಇಲ್ಲಮ್ಮ, ನಿಮಗೆ ಬಂದಿಲ್ಲ ಎಂದರು, ಜೊತೆಗೆ ಕೂತಿದ್ದವಳು ನಾನೇ, ತಬ್ಬಿಕೊಂಡು ಅತ್ತವಳೂ ನಾನೇ, ಆ ಅಳು ಎಂಥದ್ದೆಂದು ಯಾರೂ ಕೇಳಲಿಲ್ಲ, ಅವಳಿಗೇ ಬರಬೇಕಿತ್ತು, ಹಾಗೆಂದು ಮನೆಯವರೆಲ್ಲ ಯಾವತ್ತೋ ತೀರ್ಮಾನಿಸಿಯಾಗಿತ್ತು, ಅಮ್ಮನ ಮೂಗು, ಅಮ್ಮನ ಗುಂಗುರು ಕೂದಲು, ಮಾತಿನ ನಡುವೆ ಅಮ್ಮನದೇ ನಗು, ಚಿಕ್ಕವಳು ಅಮ್ಮನ ಪಡಿಯಚ್ಚು ಕಣೇ, ದೊಡ್ಡವಳು ಅವರಪ್ಪನ ಕಡೆ, ಅವಳಿಗೇನೂ ಭಯ ಇಲ್ಲ ಬಿಡು ಎನ್ನುತ್ತಿದ್ದಳು ಚಿಕ್ಕಮ್ಮ — ಆ ಮಾತು ನಂಬಿ ಮದುವೆಯಾದೆ, ಆ ಮಾತು ನಂಬಿ ಮಗಳನ್ನು ಹೆತ್ತೆ, ಮೂಗು ನೋಡಿ ರಕ್ತ ಓದುವ ಮನೆತನ ನಮ್ಮದು, ಅವಳ ಕೈಯಿಂದ ಲೋಟ ಜಾರಿದರೆ ಎಲ್ಲರೂ ಉಸಿರು ಹಿಡಿಯುತ್ತಿದ್ದೆವು, ನನ್ನ ಕೈಯಿಂದ ಜಾರಿದರೆ, ಕಣ್ಣೇನು ನೆತ್ತಿ ಮೇಲಿದ್ಯಾ, ಅಷ್ಟೆ, ಎಷ್ಟು ನಿಶ್ಚಿಂತೆಯಿಂದ ಒಡೆದೆ, ಬಂದ ಎರಡು ಸಂಬಂಧಗಳನ್ನು ಅವಳೇ ಬೇಡವೆಂದಾಗ ಪಾಪ ಎಂದೆ, ಹಾಗೆನ್ನುವುದರಲ್ಲಿ ಎಂಥ ಸುಖವಿತ್ತು, ಈಗ ಕಾರು ಕಲಿಯುತ್ತಿದ್ದಾಳಂತೆ, ಮೂವತ್ತೆರಡು ತುಂಬಿದ ಮೇಲೆ, ಗೇರು ಬದಲಿಸುವುದನ್ನು ಊಟದ ಮೇಜಿನ ಮೇಲೆ ಚಮಚದಲ್ಲಿ ತೋರಿಸುತ್ತಾಳೆ — ಹೆಬ್ಬೆರಳಿಗೆ ತೋರುಬೆರಳು ಬಡೀರಿ, ಬೇಗ ಬೇಗ, ಬಡಿಯುತ್ತೇನೆ, ಎಡಗೈ ಹಿಂದೆ ಬೀಳುತ್ತಿದೆಯೇ, ಡಾಕ್ಟರು ಏನೋ ಬರೆದುಕೊಂಡರು, ಒಬ್ಬರಿಗಿಲ್ಲ ಅಂದ್ರೆ ಇನ್ನೊಬ್ಬರಿಗೆ ಅಂತಲ್ಲ, ಪ್ರತಿ ಮಗುವಿಗೂ ಬೇರೆ ಬೇರೆಯಾಗೇ ಅರ್ಧಕ್ಕರ್ಧ ಸಾಧ್ಯತೆ ಎಂದು ಇಲ್ಲಿನ ಸಲಹೆಗಾರ್ತಿ ಮೊದಲೇ ಹಾಳೆಯ ಮೇಲೆ ಗೆರೆ ಎಳೆದು ತಿಳಿಸಿದ್ದರು, ತಲೆಯಾಡಿಸಿದ್ದೆ, ಆದರೆ ಇದ್ದದ್ದು ಒಂದೇ ತಟ್ಟೆ, ಅವಳು ಸರಿಸಿದಳು, ಅದು ನನ್ನ ಮುಂದೆ ಬಂತು, ಹಾಗೆಂದೇ ಒಳಗಿನಿಂದ ಯಾರೋ ಹೇಳುತ್ತಾರೆ, ಹೇಳುತ್ತಲೇ ಇರುತ್ತಾರೆ, ನಿಮ್ಮ ರಕ್ತದ ವರದಿ ಗುರುವಾರ ಎನ್ನುತ್ತಿದ್ದಾರೆ ಸಲಹೆಗಾರ್ತಿ, ಜೊತೆಗೆ ಒಬ್ಬರು ಇರಲೇಬೇಕು, ಒಬ್ಬರೇ ಬಂದ್ರೆ ನಾವು ಹೇಳೋದಿಲ್ಲ, ಯಾರ ಹೆಸರು ಬರ್ಕೊಳ್ಳಲಿ, ಯಾರ ಹೆಸರು, ನಾನು ರಕ್ತ ಕೊಟ್ಟದ್ದೇ ಗಂಡನಿಗೆ ಗೊತ್ತಿಲ್ಲ, ತಂಗಿ ಆಗಲೇ ಎದ್ದು ಬಂದಿದ್ದಾಳೆ, ನಾನಿದ್ದೀನಲ್ಲ ಮೇಡಂ, ನಂದೇ ಬರ್ಕೊಳ್ಳಿ, ಅಕ್ಕಾ, ಅವತ್ತು ನೀನು ನನ್ನ ಕೈ ಹಿಡ್ಕೊಂಡು ಕೂತಿದ್ದೆ, ಈ ಸಲ ನಾನು, ಎನ್ನುತ್ತ ಕೈ ಚಾಚುತ್ತಾಳೆ, ಅಮ್ಮನದೇ ಕೈ, ಕಾಯಿಲೆ ಬಾರದೆ ಇದ್ದಿದ್ದರೆ ಅಮ್ಮನ ಕೈ ಹೀಗೇ ಇರುತ್ತಿತ್ತು, ಗಾಳಿಯಲ್ಲಿ ಚಾಚಿದ ಒಂದು ಕೈ, ಒಂದು ಬೆರಳೂ ಅದುರದ ಕೈ — ಯಾರಾದರೂ ಆಗಲಿ, ನೀನು ಬೇಡ ಎಂದೆ.