ಅನ್ನಕ್ಕನ ಪಾಳಿ

ಸುತ್ತುತ್ತಲೇ ಇದೆ, ಪರದೆಯ ನಡುವೆ ಆ ಸಣ್ಣ ಚುಕ್ಕೆಗಳ ಬಳೆ, ಸುತ್ತುತ್ತದೆ, ಎಲ್ಲಿಗೂ ಹೋಗುವುದಿಲ್ಲ, ಪಕ್ಕದಲ್ಲಿ ಪೆಂಡಿಂಗ್ ಎಂಬ ಪದ, ಬೆಳಿಗ್ಗೆಯಿಂದ ಅದೇ ಪದ, ಸುರೇಖಾ ಮೌಸಿನಿಂದ ಕೈ ತೆಗೆದು ಅಂಗೈ ಬೆವರನ್ನು ಸೆರಗಿಗೆ ಒರೆಸಿಕೊಂಡಳು — ನಾಳೆ ಆನ್‌ಲೈನ್ ಪಾಠ, ಕೊರೊನಾ ಬಂದು ಶಾಲೆ ಮುಚ್ಚಿದ ಮೇಲೆ ಮೊದಲನೆಯದು, ಇದರಾಗ ಕಾಣಿಸದ ಟೀಚರ್ ಮುಂದ ಸಾಲ್ಯಾಗೂ ಕಾಣಸಂಗಿಲ್ಲ ನೋಡ್ರಿ ಎಂದು ಹೆಡ್‌ಮಾಸ್ತರು ಫೋನಿನಲ್ಲಿ ನಗುತ್ತ ಹೇಳಿದ್ದರು, ಸಿಟ್ಟಿನಿಂದ ಹೇಳಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ, ತನ್ನ ಮೊಬೈಲು ಕೆಳಗೆ ಬಿದ್ದು ಪರದೆ ಅರ್ಧ ಕಪ್ಪಾಗಿದೆ, ನೆಟ್ ಕೊಡಲು ಸಾಕು, ಪಾಠಕ್ಕೆ ಸಾಲದು, ಗಂಡನ ಮೊಬೈಲು ಗಂಡನ ಸಂಗಡ ಗಂಗಾವತಿಯ ಅಕ್ಕಿ ಅಂಗಡಿಗೆ ಹೋಗುತ್ತದೆ, ಇನ್ನು ಉಳಿದದ್ದು ಸಿದ್ದಾಪುರದ ಈ ಮನೆಯ ಪಡಸಾಲೆಯಲ್ಲಿರುವ ಹಳೇ ಕಂಪ್ಯೂಟರು, ಅದರಲ್ಲಿ ಕ್ಲಾಸಿನ ಆ್ಯಪ್ ಇಳಿಯಬೇಕು, ಇಳಿಯುತ್ತಿಲ್ಲ, ಏಕೆಂದರೆ ಅದರ ಮೇಲೆ, ಪಾಳಿಯಲ್ಲಿ ಮುಂದೆ, ಇನ್ನೊಂದು ನಿಂತಿದೆ, ಹಸಿರು ಗಿಳಿಯ ಚಿತ್ರದ್ದು, ಅದೂ ಪೆಂಡಿಂಗ್, ಅದರ ಮೇಲೆ ಕಣ್ಣು ಬೀಳಬಾರದೆಂದು ಬೆಳಿಗ್ಗೆಯಿಂದ ಕೆಳಗಿನದನ್ನೇ ದಿಟ್ಟಿಸುತ್ತಿದ್ದಾಳೆ, ಗಿಳಿ ಅನ್ನಕ್ಕನದು, ಅನ್ನಕ್ಕ ಇಲ್ಲ, ಶಿವರಾತ್ರಿಯ ಹಿಂದೆಮುಂದೆ ಹೋಗಿಬಿಟ್ಟಳು, ಗಿಳಿ ಮಾತ್ರ ಪಾಳಿ ಬಿಟ್ಟು ಕದಲಿಲ್ಲ, ಮತ್ತೆ ಆ ಬಿಳಿ ಅರಿವೆ, ಕಣ್ಣ ಮುಂದೆ, ಕುತ್ತಿಗೆಯ ಕುಳಿಯ ಮೇಲೆ ಇಳಿಬಿದ್ದ ತೆಳು ಅರಿವೆ, ಒಳಕ್ಕೆ, ಹೊರಕ್ಕೆ.

ಅನ್ನಕ್ಕ ಎಂದರೆ ಅನ್ನಮ್ಮ, ಭಾವ ಗುರುಬಸವನ ಹೆಂಡತಿ, ಈ ಮನೆಯ ಹಿರಿಸೊಸೆ, ಅಳವಂಡಿಯವಳು, ಎರೆಹೊಲದ ಒಂದು ಬದುವಿನಿಂದ ಇನ್ನೊಂದು ಬದುವಿಗೆ ಕೂಗುತ್ತ ಬೆಳೆದ ಗಂಟಲು ಅದು, ಕಾಲುವೆ ಸೀಮೆಯ ಈ ಮನೆಗೆ ಬಂದ ಮೇಲೂ ತಗ್ಗಲಿಲ್ಲ, ಸುರೇಖಾ, ಹಾಲು ಉಕ್ಕಾಕತ್ತೈತಿ, ಎಲ್ಲಿ ಹಾಳಾಗಿ ಹ್ವಾದಿ — ಬಚ್ಚಲ ಬಾಗಿಲನ್ನು ದಾಟಿ, ಮೈಮೇಲೆ ಸುರಿದುಕೊಳ್ಳುವ ನೀರಿನ ಸದ್ದನ್ನು ದಾಟಿ ಬರುತ್ತಿತ್ತು, ಓಣಿಯಲ್ಲಿ ಹೋಗುವವರು ತಲೆ ಎತ್ತುತ್ತಿದ್ದರು, ಸಾಲಿ ಕಲಿಸಾಕಿ ಅಂದ್ರ ಮನ್ಯಾಗ ಕೈ ತೋಯಸಂಗಿಲ್ಲೇನ ಎಂದು ಬಂದವರ ಮುಂದೆಯೇ ಅನ್ನುತ್ತಿದ್ದಳು, ಹಾಗಂದು ತಾನೇ ಬುತ್ತಿ ಕಟ್ಟಿ ಕೊಡುತ್ತಿದ್ದಳು, ರೊಟ್ಟಿಯ ನಡುವೆ ಶೇಂಗಾ ಚಟ್ನಿ ಅದುಮಿ, ಆಮೇಲೆ ಗಂಟಲಲ್ಲಿ ಗಂಟು, ಹುಬ್ಬಳ್ಳಿಯ ದವಾಖಾನೆ, ಜೀವ ಉಳೀಬೇಕಂದ್ರ ದನಿ ಪೆಟ್ಟಿಗಿ ತೆಗೀಬೇಕು ಎಂದರು ಡಾಕ್ಟರು, ತೆಗಿರಿ ಮತ್ತ ಎಂದಳಂತೆ ಅನ್ನಕ್ಕ, ಅವಳು ಬಾಯಿಂದ ಆಡಿದ ಕೊನೆಯ ಮಾತುಗಳಲ್ಲಿ ಅದೊಂದು, ದೀಪಾವಳಿ ಕಳೆದು ಮನೆಗೆ ಬಂದಾಗ ಕುತ್ತಿಗೆಯಲ್ಲಿ ಕುಳಿ, ಕುಳಿಯ ಮೇಲೆ ಬಿಳಿ ಅರಿವೆ, ಉಸಿರು ಬಾಯಿಗೆ ಬರದೆ ಅಲ್ಲಿಂದಲೇ ಬಂದು ಅಲ್ಲಿಂದಲೇ ಹೋಗುತ್ತಿತ್ತು, ಮನೆ ಎಷ್ಟು ಸುಮ್ಮನಾಯಿತೆಂದರೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಪಡಸಾಲೆಗೆ ಕೇಳಿಸುತ್ತಿತ್ತು, ಆ ವಾರ ಸುರೇಖಾ ನೆಮ್ಮದಿಯಿಂದ ನಿದ್ದೆ ಮಾಡಿದ್ದಳು, ಯಾಕೆ ಅದು ಈಗ ನೆನಪಾಗಬೇಕು, ಯಾರೂ ಕೇಳಲಿಲ್ಲವಲ್ಲ.

ಗಿಳಿಯ ಸುದ್ದಿ ತಂದವಳು ಅನ್ನಕ್ಕನೇ, ಕೈಸನ್ನೆಯಲ್ಲಿ, ದವಾಖಾನೆಯಲ್ಲಿ ಪಕ್ಕದ ಮಂಚದವಳ ಬಳಿ ಅಂಥದೊಂದು ಇತ್ತಂತೆ, ಬರೆದರೆ ಅದು ಬಾಯಿಬಿಟ್ಟು ಓದಿ ಹೇಳುತ್ತದೆ, ಕನ್ನಡದಲ್ಲೇ, ನಾಲ್ಕನೇ ಇಯತ್ತೆಯ ಸೊಟ್ಟ ಅಕ್ಷರದಲ್ಲಿ ಗಿಳಿ ಎಂದು ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದು ತೋರಿಸಿದಳು, ಕಂಪ್ಯೂಟರಿನ ಕಡೆ ಕೈ ಮಾಡಿದಳು, ಸುರೇಖಾ ಹುಡುಕಿ ಒತ್ತಿದಳು, ನೀಲಿ ಗೆರೆ ಒಂದಿಷ್ಟು ಸರಿಯಿತು, ಕರೆಂಟು ಹೋಯಿತು, ಬಂದ ಮೇಲೆ ಪೆಂಡಿಂಗ್, ನೆಟ್ ಸರಿ ಇಲ್ಲಕ್ಕ, ನಾಳಿಗಿ ಬರತೈತಿ — ನಾಳಿಗಿ, ನಾಡದು — ಊಟವಾದ ಮೇಲೆ ಅನ್ನಕ್ಕ ಕುರ್ಚಿ ಎಳೆದುಕೊಂಡು ಇದೇ ಪರದೆಯ ಮುಂದೆ ಕೂರುತ್ತಿದ್ದಳು, ಬಸ್ಸಿಗೆ ಕಾದವರ ಹಾಗೆ ಮಡಿಲಲ್ಲಿ ಕೈ ಇಟ್ಟುಕೊಂಡು, ಅರಿವೆ ಒಳಕ್ಕೆ, ಹೊರಕ್ಕೆ, ಬೇಸರವಾಗಬಾರದೆಂದು ಸುರೇಖಾ ಅವಳಿಗೆ ಕೀಲಿಮಣೆ ಕಲಿಸಿದಳು, ಇಲ್ಲಿ ಅ, ಇಲ್ಲಿ ನ, ಅನ್ನಕ್ಕ ಒಂದೇ ಬೆರಳಿನಿಂದ ಕಡಲೆ ಆರಿಸಿದಂತೆ ಅಕ್ಷರ ಆರಿಸುತ್ತಿದ್ದಳು, ಒಂದು ದಿನ ಕೇಳಿದಳು ಸುರೇಖಾ, ಗಿಳಿ ಬಂದ ಮ್ಯಾಲೆ ಮೊದಲ ಏನಂತಿ ಅಕ್ಕಾ, ಅನ್ನಕ್ಕ ಭುಜ ಕುಣಿಸಿ ಸದ್ದಿಲ್ಲದೆ ನಕ್ಕಳು, ಬೆರಳೆತ್ತಿ ಅವಳ ಕಡೆಗೇ ತೋರಿಸಿದಳು, ನಿನಗ, ನಿನಗೇ ಹೇಳೂದೈತಿ ಎನ್ನುವಂತೆ, ಬರದು ತೋರ್ಸಕ್ಕ ಅಂದರೆ ಊಹೂಂ, ತಲೆ ಅಲ್ಲಾಡಿಸಿದಳು, ಹೇಳಿಯೇ ತೀರಬೇಕಾದದ್ದು, ಬರೆದರೆ ಆಗದು, ಬೈಗುಳವೋ, ಇನ್ನೇನೋ, ಎಂಟು ಹತ್ತು ದಿನಕ್ಕೆ ಜ್ವರ ಬಂತು, ಎದೆಯಲ್ಲಿ ಕಫ, ಮತ್ತೆ ಹುಬ್ಬಳ್ಳಿಗೆ ಹೋದವಳು ಗಾಡಿಯಲ್ಲಿ ಮಲಗಿಕೊಂಡೇ ಬಂದಳು, ಅರಿವೆ ಅಲುಗುತ್ತಿರಲಿಲ್ಲ.

ಹಲೋ, ಹಲೋ ಟೀಚರಮ್ಮ, ಅದೀರೇನ್ರಿ — ಕಿವಿಗೆ ಹಿಡಿದ ಮೊಬೈಲಿನಲ್ಲಿ ಶಫೀಸಾಬ, ಗಂಗಾವತಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು, ಇದನ್ನು ಜೋಡಿಸಿಕೊಟ್ಟವನೂ ಅವನೇ, ಬಂದ್ ಮಾಡಿ ಚಾಲೂ ಮಾಡಿದ್ರೇನು, ಮಾಡೀನ್ರಿ, ಜಾಗಾ ಖಾಲಿ ಐತೇನ್ರಿ, ಐತ್ರಿ, ಹಂಗಾದ್ರ ಮ್ಯಾಲಿಂದು ಅಡ್ಡ ನಿಂತಿರಬೇಕು, ಅದನ್ನ ಕ್ಯಾನ್ಸಲ್ ಮಾಡಿಬಿಡ್ರಿ, ನಿಮ್ದು ಇಳೀತೈತಿ, ಬಾಣದ ಗುರುತು ಗಿಳಿಯ ಪಕ್ಕದ ಇಂಟು ಗುರುತಿನ ಮೇಲೆ ಹೋಗಿ ನಿಂತಿತು, ಒತ್ತಬೇಕು, ಒಂದು ಬೆರಳಿನ ಕೆಲಸ, ನಾಳೆ ನೌಕರಿ, ಒತ್ತು — ಬೆನ್ನ ಹಿಂದೆ ಯಾರೋ ಕುರ್ಚಿ ಎಳೆದುಕೊಂಡು ಕೂತ ಹಾಗೆ, ಮಡಿಲಲ್ಲಿ ಕೈ ಇಟ್ಟುಕೊಂಡು, ತಿರುಗಿ ನೋಡಲಿಲ್ಲ, ಅದು ಬ್ಯಾಡ್ರಿ ಶಫೀಸಾಬ, ಅದನ್ನ ತಗಿಯಾಕ ಬರಂಗಿಲ್ಲ, ಬ್ಯಾರೆ ಏನರ ಹೇಳ್ರಿ ಎಂದಳು, ಅವನು ಯಾಕೆಂದು ಕೇಳಲಿಲ್ಲ, ಕೆಳಗ ಮೂಲ್ಯಾಗ ತಾರೀಖು ಏನೈತಿ ನೋಡ್ರಿ ಎಂದ, ನೋಡಿದಳು, ಎರಡು ಸಾವಿರದ ಒಂಬತ್ತು, ಜನವರಿ, ಆಗ ತಾನು ಈ ಮನೆಗೆ ಬಂದೇ ಇರಲಿಲ್ಲ, ಅನ್ನಕ್ಕನ ಕೂಗು ಓಣಿಯ ತುದಿ ಮುಟ್ಟುತ್ತಿದ್ದ ಕಾಲ, ಹಾಂ, ಅದ ನೋಡ್ರಿ, ಒಳಗ ರೂಪಾಯಿಯಷ್ಟು ಸಣ್ಣ ಸೆಲ್ ಇರತೈತ್ರಿ, ಅದು ಸತ್ತರ ಕರೆಂಟ್ ಹೋದಾಗೊಮ್ಮೆ ತಾರೀಖು ಹಿಂದಕ ಓಡತೈತಿ, ತಾರೀಖು ತಪ್ಪಿದ್ರ ಆ್ಯಪ್ ಕಳಸೂ ಆ ಕಡಿಯಾವ್ರು ನಿಮ್ಮನ್ನ ನಂಬಂಗಿಲ್ಲ, ಏನೂ ಕಳಸಂಗಿಲ್ಲ, ಸೆಲ್ ನಾ ಬಂದು ಹಾಕ್ತೀನಿ, ಸದ್ಯ ತಾರೀಖು ತಿದ್ದ್ರಿ, ಇಷ್ಟ ಏನ್ರಿ, ಇಷ್ಟರಿ.

ಇಷ್ಟೇ, ತಾರೀಖು, ನೆಟ್ ಅಲ್ಲ, ಕರೆಂಟಲ್ಲ, ಮೂಲೆಯಲ್ಲಿ ಇಷ್ಟೇ ಅಕ್ಷರ, ಇಬ್ಬರೂ ಕೂತು ದಿನದಿನ ನೋಡುತ್ತಿದ್ದ ಪರದೆಯ ಮೂಲೆ, ಅ ತೋರಿಸಿದ ಬೆರಳು, ನ ತೋರಿಸಿದ ಬೆರಳು ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ, ವರ್ಷ ತಿದ್ದಿದಳು, ತಿಂಗಳು ತಿದ್ದಿದಳು, ಒತ್ತಿದಳು, ಚುಕ್ಕೆಗಳ ಬಳೆ ನಿಂತಿತು, ನೀಲಿ ಗೆರೆ ಹೊರಟಿತು, ಪಾಳಿಯಲ್ಲಿ ಮೊದಲಿದ್ದವರದು ಮೊದಲು, ಗಿಳಿ ಇಳಿಯುತ್ತಿದೆ, ಅನ್ನಕ್ಕಾ, ಬಂತು ನೋಡಕ್ಕ, ಬಾಯಿ ತಾನಾಗಿ ಅಂದಿತು, ಗಿಳಿ ಮುಗಿದು ಅದರ ಹಿಂದೆಯೇ ಕ್ಲಾಸಿನ ಆ್ಯಪ್ ಹೊರಟಿತು, ಅದೂ ಇಳಿಯಿತು, ನಾಳೆ ಅವಳು ಕಾಣಿಸುತ್ತಾಳೆ, ನೌಕರಿ ಉಳಿಯಿತು, ಹಗುರವಾಗಬೇಕಿತ್ತು, ಕೈ ತಾನಾಗಿ ಗಿಳಿಯ ಮೇಲೆ ಹೋಗಿ ಒತ್ತಿತು, ಖಾಲಿ ಚೌಕ ತೆರೆಯಿತು, ಅದರಲ್ಲಿ ಯಾರೂ ಏನೂ ಬರೆಯದೆಯೇ ಹೆಣ್ಣು ದನಿಯೊಂದು ಪಡಸಾಲೆಯ ತುಂಬ, ನಮಸ್ಕಾರ, ಇನ್ನು ಮುಂದೆ ನಾನು ನಿಮ್ಮ ದನಿ, ಹೇಳಬೇಕಾದದ್ದನ್ನು ಬರೆಯಿರಿ ಎಂದಿತು, ನುಣುಪು ದನಿ, ಅನ್ನಕ್ಕ ಹುಟ್ಟಿದಾಗಿನಿಂದ ಹಾಗೆ ಮಾತಾಡಿದವಳಲ್ಲ, ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು, ಭಾವ ಎದ್ದರು, ನಿದ್ದೆಗಣ್ಣಿನ ದನಿ, ಯಾರವ್ವಾ ಅದು, ಯಾರು ಮಾತಾಡಿದ್ರು, ಸುರೇಖವ್ವಾ, ಯಾರು ಬಂದಾರ, ಹೆಜ್ಜೆ ಬಾಗಿಲ ತನಕ ಬಂತು, ಏನು ಹೇಳಲಿ, ಹೇಳಬೇಕಾದವಳು ಬರೆಯಲಾರಳು, ಬರೆಯಬಲ್ಲ ತನಗೆ ಗೊತ್ತಿಲ್ಲ, ನಿನಗ ಎಂದು ತೋರಿಸಿದ ಬೆರಳು ಗೊತ್ತು, ಬೆರಳಿನ ಹಿಂದಿನ ಮಾತು ಗೊತ್ತಿಲ್ಲ, ಭಾವ ಚೌಕಟ್ಟು ಹಿಡಿದು ನಿಂತಿದ್ದಾರೆ, ಕಾಯುತ್ತಿದ್ದಾರೆ, ಸುರೇಖಾ ಬಾಯಿ ತೆರೆದಳು, ಉಸಿರು ಬಂತು, ಮಾತು ಬರಲಿಲ್ಲ, ಬಿಳಿ ಅರಿವೆ, ತೆಳು, ಒಳಕ್ಕೆ, ಹೊರಕ್ಕೆ, ಒಳಕ್ಕೆ —