ಹ್ಯಾಲ್‌ಕಂಬ್ ಮನೆಯ ಆರಿದ ಸೂಪು

ಹ್ಯಾಲ್‌ಕಂಬ್ ಮನೆಯಲ್ಲಿ ಬಿಸಿ ಸೂಪು ಕುಡಿದವರನ್ನು ಕಂಡವರಿಲ್ಲ. ಕುರಿಯುಣ್ಣೆ ಮಾರಿ ದೊಡ್ಡವನಾದ ಮೂಲಪುರುಷನೊಬ್ಬ, ಬೇಟೆಗೆ ಬಂದ ರಾಜನನ್ನು ಸತ್ಕರಿಸಿ, ಈ ಜಮೀನನ್ನೂ ಬಿರುದನ್ನೂ ಗಿಟ್ಟಿಸಿಕೊಂಡನಂತೆ. ಅವನ ಮಗ ಮನೆಯನ್ನು ಪೂರ್ವಕ್ಕೆ ಬೆಳೆಸಿದ, ಮೊಮ್ಮಗ ಪಶ್ಚಿಮಕ್ಕೆ. ಆಮೇಲೆ ಬಂದವನಿಗೆ ಈರುಳ್ಳಿ ವಾಸನೆ ಆಗದು. ಅಡುಗೆಮನೆಯನ್ನೇ ಕುದುರೆಲಾಯದ ಆಚೆಗೆ ದಬ್ಬಿಸಿಬಿಟ್ಟ. ಅಂದಿನಿಂದ ಸೂಪು ಉದ್ದನೆಯ ಕಲ್ಲುಹಾದಿಯನ್ನು ದಾಟಿ ಬರುವಷ್ಟರಲ್ಲಿ ಆರಿಹೋಗುತ್ತಿತ್ತು. ಬೆಳ್ಳಿ ಚಮಚದಲ್ಲಿ ಆರಿದ ಸೂಪು ಕುಡಿಯುವುದೇ ದೊಡ್ಡಸ್ತಿಕೆ ಎಂದು ತಲೆಮಾರುಗಳೇ ನಂಬಿಕೊಂಡು ಬಂದವು.

ಆ ಸಂಜೆಯೂ ಆರಿದ ಸೂಪೇ. ಮನೆಯ ಮಗಳು ವಿನಿಫ್ರೆಡ್ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಅಪ್ಪ ತೀರಿಕೊಂಡ ಮೇಲೆ ತೆರಿಗೆಯ ಭಾರ ತಾಳಲಾರದೆ ಮನೆಯನ್ನು ಹುಡುಗಿಯರ ಶಾಲೆಯೊಂದಕ್ಕೆ ಮಾರಿಯಾಗಿತ್ತು. ಬೆಳಗಾದರೆ ಬೀಗದ ಕೈ ಒಪ್ಪಿಸಬೇಕು. ತೋಟದ ಅಂಚಿನಲ್ಲಿ, ಈ ಮನೆತನದ ವಿಧವೆಯರಿಗೆಂದೇ ಹಿಂದಿನವರು ಕಟ್ಟಿಸಿದ್ದ ಚಿಕ್ಕ ಮನೆಯೊಂದು ಉಳಿದಿತ್ತು. ವಿನಿಫ್ರೆಡ್ ಅಲ್ಲಿ ಕಿಟಕಿಗಳಿಗೆ ಪರದೆಯನ್ನೂ ಕಟ್ಟಿ ಬಂದಿದ್ದಳು. ಆದರೆ ಅವಳ ತಾಯಿ ಲೇಡಿ ಹೆಸ್ಟರ್ ಒಂದು ಕೈಗವಸನ್ನೂ ಪೆಟ್ಟಿಗೆಗೆ ಹಾಕಿರಲಿಲ್ಲ. ಮಗ ಲಯನೆಲ್ ಫ್ರಾನ್ಸಿನ ಯುದ್ಧದಲ್ಲಿ ಕಾಣೆಯಾಗಿದ್ದಾನೆ ಎಂದಷ್ಟೇ ತಂತಿ ಬಂದಿತ್ತು. ಕಾಣೆಯಾದವನು ಬರುವುದಾದರೆ ಈ ಬಾಗಿಲಿಗೇ ಬರುತ್ತಾನೆ, ಅಲ್ಲಿಯವರೆಗೆ ಅವನ ಮನೆಯನ್ನು ಕಾಯಬೇಕಾದವಳು ತಾನು ಎಂಬುದು ಆಕೆಯ ಹಟ. ವಕೀಲರು ಹೇಳಿ ಸೋತರು, ಪಾದ್ರಿಗಳು ಹೇಳಿ ಸೋತರು.

ಊಟವಾದ ಕೂಡಲೇ ಹೆಂಗಸರು ಎದ್ದು ಪಕ್ಕದ ಕೋಣೆಗೆ ಹೋಗಬೇಕು, ಗಂಡಸರು ಕೂತು ಪೋರ್ಟ್ ವೈನ್ ಕುಡಿಯಬೇಕು. ಮನೆಯಲ್ಲಿ ಗಂಡಸರೇ ಇಲ್ಲದಂತಾದರೂ ಲೇಡಿ ಹೆಸ್ಟರ್ ಈ ಪದ್ಧತಿ ಬಿಟ್ಟಿರಲಿಲ್ಲ. ತಾಯಿ ಮಗಳು ಎದ್ದು ಹೋಗುತ್ತಿದ್ದರು. ಮುದುಕ ಬಟ್ಲರ್ ಹಾಬ್‌ಡೇ ಖಾಲಿ ಕುರ್ಚಿಗಳ ಮುಂದೆ ವೈನಿನ ಗಾಜಿನ ಹೂಜಿ ಇಟ್ಟು, ಒಂದಷ್ಟು ಹೊತ್ತು ಬಿಟ್ಟು, ಹಾಗೇ ಒಳಗೆ ಒಯ್ಯುತ್ತಿದ್ದ.

ಇವತ್ತೂ ಲೇಡಿ ಹೆಸ್ಟರ್ ಎದ್ದು ನಿಂತಳು. ವಿನಿಫ್ರೆಡ್ ಮಾತ್ರ ಕುರ್ಚಿ ಬಿಡಲಿಲ್ಲ.

“ಏಳು ವಿನ್ನಿ. ಗಂಡಸರು ಕಾಯ್ತಿದಾರೆ.”

“ಯಾವ ಗಂಡಸರಮ್ಮ? ಗೋಡೆ ಮೇಲಿರೋರಾ?”

ಗೋಡೆಯ ತುಂಬ ಎಣ್ಣೆಬಣ್ಣದ ಹಿರಿಯರು, ಒಬ್ಬೊಬ್ಬರದೂ ಒಂದೊಂದು ಮೂಗು. ಲೇಡಿ ಹೆಸ್ಟರ್ ಅವರನ್ನೆಲ್ಲ ಒಮ್ಮೆ ನೋಡಿದಳು. ಮತ್ತೆ ಕೂತಳು. ಹೂಜಿಯನ್ನು ಎಲ್ಲಿಡುವುದೆಂದು ತೋಚದೆ ಹಾಬ್‌ಡೇ ಅವಳ ಮುಂದೆಯೇ ಇಟ್ಟ. ಅವಳು ಲೋಟಕ್ಕೆ ಒಂದಿಷ್ಟು ವೈನ್ ಬಗ್ಗಿಸಿಕೊಂಡು, ಹೂಜಿಯ ಕತ್ತು ಹಿಡಿದು ಹಾಗೇ ಕೂತುಬಿಟ್ಟಳು. ಹಾಬ್‌ಡೇ ಮೆಲ್ಲಗೆ ಕೆಮ್ಮಿದ.

“ಅದನ್ನ ಎಡಗಡೆಯೋರಿಗೆ ದಾಟಿಸ್ಬೇಕು ಅಮ್ಮಾವ್ರೇ. ಹಿಡ್ಕೊಂಡು ಕೂತೋರನ್ನ, ‘ಏನು, ಪಾದ್ರಿಗಳ ಥರ ಹೂಜಿ ಹಿಡ್ಕೊಂಡೇ ನಿದ್ದೆ ಹತ್ತಿತಾ’ ಅಂತ ಗಂಡಸರೆಲ್ಲ ಗೇಲಿ ಮಾಡೋರು.”

ಮದುವೆಯಾಗಿ ಬಂದಾಗಿನಿಂದ ಆ ಬಾಗಿಲಿನಾಚೆ ಕೂತು ಬರೀ ನಗು ಕೇಳಿಸಿಕೊಂಡವಳು ಅವಳು. ಅಷ್ಟು ನಗುವಂಥದ್ದು ಏನಿರುತ್ತಿತ್ತು ಎಂದು ವಿಚಾರಿಸಿದಳು. ಹೆಚ್ಚಾಗಿ ನಾಯಿಗಳ ಮಾತು, ನರಿಬೇಟೆಯ ಮಾತು ಎಂದ ಹಾಬ್‌ಡೇ. ಯುದ್ಧದಿಂದ ರಜೆಗೆ ಬಂದಿದ್ದ ಲಯನೆಲ್ ಕೊನೆಯ ಸಂಜೆ ಇಲ್ಲಿ ಕೂತು ಏನು ಹೇಳಿದ ಎಂದು ಲೇಡಿ ಹೆಸ್ಟರ್ ಕೇಳಿದಳು.

ಹಾಬ್‌ಡೇ ವಿನಿಫ್ರೆಡ್‌ಳ ಮುಖ ನೋಡಿದ. ಹೇಳು ಎಂಬಂತೆ ಅವಳು ತಲೆಯಾಡಿಸಿದಳು.

“ಸೂಪಿನ ಮಾತು ಬಂತು. ಚಿಕ್ಕ ಧಣಿಗಳು ಅಂದ್ರು, ‘ಈ ಮನೆ ನನ್ನ ಕೈಗೆ ಬಂದ ದಿನಾನೇ ಬೀಗ ಜಡಿದು, ಅಮ್ಮನ್ನ ಆ ಚಿಕ್ಕ ಮನೆಗೆ ಕರ್ಕೊಂಡು ಹೋಗ್ತೀನಿ ಹಾಬ್‌ಡೇ. ಪಾಪ, ಇಲ್ಲಿಗೆ ಬಂದ್ಮೇಲೆ ಒಂದಿನ ಬಿಸಿ ಸೂಪು ಕಂಡಿಲ್ಲ’ ಅಂತ. ದೊಡ್ಡ ಧಣಿಗಳು ನಕ್ಕೂ ನಕ್ಕೂ ಕಣ್ಣೊರೆಸ್ಕೊಂಡ್ರು.”

ಮಗನಿಗೆಂದು ಇಷ್ಟು ದಿನ ಕಾದಿದ್ದ ಗೋಡೆ, ಸೂರು, ಎತ್ತರದ ಕಿಟಕಿಗಳ ಮೇಲೆ ಲೇಡಿ ಹೆಸ್ಟರ್‌ಳ ಕಣ್ಣು ನಿಧಾನವಾಗಿ ಹರಿದು ಬಂತು. ಆಮೇಲೆ ಹೂಜಿಯನ್ನು ಎಡಕ್ಕೆ, ಮಗಳ ಕಡೆಗೆ ಸರಿಸಿದಳು.

“ಆ ಮನೇಲಿ ಅಡುಗೆಮನೆ ಎಲ್ಲಿದೆ ವಿನ್ನಿ?”

“ಊಟದ ಕೋಣೆಗೆ ತಾಗ್ಕೊಂಡೇ ಇದೆ. ಈರುಳ್ಳಿ ವಾಸನೆ ಬರುತ್ತಮ್ಮ.”

“ಬರ್ಲಿ ಬಿಡು. ಆ ಮನೆ ದಾರಿ ಅವನಿಗೂ ಗೊತ್ತಿದೆ.”

ಅಟ್ಟದಿಂದ ತನ್ನ ಪೆಟ್ಟಿಗೆ ಇಳಿಸಲು ಅವಳು ಹಾಬ್‌ಡೇಗೆ ಹೇಳಿದಳು.