ಬಣ್ಣದ ಪುಡಿಯ ಸುಂಕ, ಬುಟ್ಟಿಯ ಬೆಲೆ

ಬೋಲ್ಗಾ ಪಟ್ಟಣದ ಸಂತೆಗೆ ಇನ್ನೆರಡೇ ದಿನ. ನಮ್ಮ ಕೇರಿಯ ಅಪೋಕಾ ಅರವತ್ತು ಹುಲ್ಲಿನ ಬುಟ್ಟಿ ಹೆಣೆದು ಮುಗಿಸಿದ್ದಾಳೆ. ಆದರೂ ಅವಳಿಗೆ ನೆಮ್ಮದಿಯಿಲ್ಲ. ಬೆಲೆ ಏರಿಸಿದರೆ ಬೇರೆ ದೇಶದ ಬುಟ್ಟಿ ಕೊಳ್ಳುತ್ತೇವೆ ಎಂದು ಹೊರದೇಶದ ಸಾಹುಕಾರರು ಹೇಳಿ ಕಳಿಸಿದ್ದಾರೆ. ಇತ್ತ ಹುಲ್ಲಿಗೆ ಹಾಕುವ ಹೊರದೇಶದ ಬಣ್ಣದ ಪುಡಿಗೆ ಸುಂಕ ಬರುತ್ತದಂತೆ ಎಂಬ ಸುದ್ದಿಗೇ ಪುಡಿ ತುಟ್ಟಿಯಾಗಿದೆ.

ಬುಟ್ಟಿ ನೋಡಲು ಹೆಣೆಯುವವರ ಸಂಘದ ಡೆರಿ ಬಂದ. ಒಂದನ್ನೆತ್ತಿ ನೀರಿನ ಬೋಗುಣಿಗೆ ಅದ್ದಿದ. ನೀರೆಲ್ಲ ಕೆಂಪಾಯಿತು.

"ಲೋ ನಾಯಿತಲೆ ತಿನ್ನೋನೆ, ನನ್ನ ಬುಟ್ಟಿ ಯಾಕೋ ನೆನೆಸ್ತೀಯ?"

"ತಲೆ ನಿಮ್ಮೋರೇ ನುಂಗಿ ನಮಗೆ ಬಾಲ ಇಟ್ಟಿದ್ರಲ್ಲಕ್ಕ. ಪುಡಿಗೆ ಏನು ಬೆರೆಸಿದ್ದೀಯ?"

ಅವಳು ಫ್ರಾಫ್ರಾ, ಅವನು ದಗಾಬಾ. ನಾಯಿಯ ತಲೆ ಯಾರ ಪಾಲು ಎಂದು ಕಿಚಾಯಿಸುವ ಹಾಸ್ಯದ ನಂಟು ಎರಡು ಕುಲಕ್ಕೂ ಹಿಂದಿನಿಂದ ಇದೆ, ಏನಂದರೂ ಸಿಟ್ಟಾಗುವಂತಿಲ್ಲ. ಆದರೆ ಪುಡಿಯ ಮಾತಿಗೆ ಅಪೋಕಾ ತಲೆ ತಗ್ಗಿಸಿದಳು.

"ಅರ್ಧ ಅಗ್ಗದ ಪುಡಿ. ಬೆಲೆ ಏರಿಸ್ಬಾರ್ದಲ್ಲ, ಇನ್ನೇನು ಮಾಡ್ಲಿ?"

"ಹೀಗೆ ಬಣ್ಣ ಬಿಟ್ರೆ ಬುಟ್ಟಿ ಹೋದ ದಾರೀಲೇ ವಾಪಸ್ ಬರುತ್ತೆ."

ಅಪೋಕಾಳ ಗಂಡ ಅಕೊಲ್ಗೊ ನಡುವೆ ಬಾಯಿ ಹಾಕಿದ. "ಸುಂಕ ಹಾಕ್ಲಿ ಬಿಡಯ್ಯ. ಪರದೇಶದೋರ ಪುಡಿ, ಅವರೇ ಕಟ್ಕೊಳ್ಳಲಿ."

"ಅವರೆಲ್ಲಿ ಕಟ್ತಾರೆ, ಭಾವ? ವ್ಯಾಪಾರಿ ಅದನ್ನ ಪುಡಿ ಬೆಲೆಗೆ ಸೇರಿಸ್ತಾನೆ. ಅಕ್ಕ ಬುಟ್ಟಿ ಬೆಲೆಗೆ ಸೇರಿಸ್ಬೇಕು. ಸುಂಕ ಇಲ್ಲದ ದೇಶದ ಬುಟ್ಟಿ ಅಗ್ಗವಾಗಿ ಸಿಗುವಾಗ ಇವಳದನ್ನ ಯಾರು ಕೊಳ್ತಾರೆ?"

"ಮತ್ತೆ ನಮ್ಮ ದೇಶದ ಕಾರ್ಖಾನೆ ಉದ್ಧಾರ ಆಗೋದು ಬೇಡ್ವಾ?"

"ಬೇಕು. ಆದ್ರೆ ಹುಲ್ಲಿಗೆ ಹತ್ತೋ ಬಣ್ಣ ಮಾಡೋ ಕಾರ್ಖಾನೆ ಇಲ್ಲಿ ಒಂದೂ ಇಲ್ವಲ್ಲ. ಸುಂಕ ಹಾಕಲೇಬೇಕಂದ್ರೆ, ಹೊರಗೆ ಕಳಿಸೋ ಬುಟ್ಟಿಗೆ ಬಳಸಿದ ಪುಡಿಯ ಸುಂಕ ವಾಪಸ್ ಕೊಡಿ ಅಂತ ಕೇಳ್ಬಹುದು. ಶುಕ್ರವಾರ ಜಿಲ್ಲಾ ಕಚೇರೀಲಿ ಈ ಸುಂಕದ ಬಗ್ಗೆ ಜನರ ಅಭಿಪ್ರಾಯ ಕೇಳ್ತಾರೆ."

"ಹುಲ್ಲು ಸೀಳೋಳ ಮಾತು ಯಾರಪ್ಪ ಕೇಳ್ತಾರೆ?" ಎಂದಳು ಅಪೋಕಾ.

"ಕೇಳ್ತಾರೋ ಇಲ್ವೋ ನಂಗೂ ಗೊತ್ತಿಲ್ಲ. ನೀನು ಹೋಗ್ದೇ ಇದ್ರೆ ಖಂಡಿತ ಕೇಳಲ್ಲ."

ಈ ಬುಟ್ಟಿಗಳು ಮಾರಾಟವಾಗದಿದ್ದರೆ ಮುಂದಿನ ವರ್ಷ ಯಾರೂ ಹೆಣೆಯಲು ಹೇಳುವುದಿಲ್ಲ ಎಂಬ ಭಯ ಅಪೋಕಾಳಿಗೆ. ಅಕೊಲ್ಗೊ ನೆನೆದ ಬುಟ್ಟಿಯನ್ನೆತ್ತಿ ಬಿಸಿಲಿಗಿಟ್ಟ.

"ನಡಿ, ಶುಕ್ರವಾರ ನಾನೂ ಬರ್ತೀನಿ. ಮಾತು ಮಾತ್ರ ನೀನೇ ಆಡ್ಬೇಕು."

ಅಕ್ಕಂದಿರೇ, ಅಣ್ಣಂದಿರೇ, ನೀವು ಬುಟ್ಟಿ ಹೆಣೆಯುತ್ತಿರಬಹುದು, ಶಿಯಾ ಮರದ ಬೀಜದಿಂದ ಬೆಣ್ಣೆ ತೆಗೆಯುತ್ತಿರಬಹುದು, ಚರ್ಮ ಹದ ಮಾಡುತ್ತಿರಬಹುದು. ಹೊರದೇಶಕ್ಕೆ ಹೋಗುವ ನಿಮ್ಮ ಸರಕಿನಲ್ಲಿ ಹೊರಗಿನಿಂದ ಬಂದದ್ದು ಏನೇನಿದೆ ಎಂದು ಇವತ್ತೇ ನೋಡಿ. ಅದಕ್ಕೆ ಸುಂಕ ಹಾಕಿದರೆ ಅದು ನಿಮ್ಮ ದುಡಿಮೆಗೆ ಹಾಕಿದ ಸುಂಕವೇ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ. ಸಭೆ ಕರೆದ ದಿನ ಹೋಗಿ, ಬಾಯಿಬಿಟ್ಟು ಹೇಳಿ.